ಹಿರಿಯರ ವಸತಿಯಲ್ಲಿ ನಾಲ್ಕು ಜನರ ನಡುವೆ

ಪ್ರಶ್ನೆ: ನನಗೆ 67 ವರ್ಷ, ಯಜಮಾನರಿಗೆ 73. ಮಂಡ್ಯದ ನಮ್ಮ ಮನೆಯನ್ನು ಬಾಡಿಗೆಗೆ ಕೊಟ್ಟು, ಎಂಟು ತಿಂಗಳ ಹಿಂದೆ ಮೈಸೂರಿನ ಹೊರವಲಯದಲ್ಲಿರುವ ಹಿರಿಯ ನಾಗರಿಕರ ವಸತಿ ಸಮುಚ್ಚಯಕ್ಕೆ ಬಂದಿದ್ದೇವೆ. ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. ಇಲ್ಲಿ ಹೊತ್ತಿಗೆ ಸರಿಯಾಗಿ ಊಟ, ದಾದಿಯರು, ಯೋಗ ತರಗತಿ, ಭಜನೆ, ಹಬ್ಬದ ಕಾರ್ಯಕ್ರಮಗಳು ಎಲ್ಲವೂ ಇವೆ. ನಾನು ಹೇಗೋ ಹೊಂದಿಕೊಂಡಿದ್ದೇನೆ. ಆದರೆ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ ಯಜಮಾನರು, ಮೊದಲ ತಿಂಗಳು ಎಲ್ಲರೊಡನೆ ಕುಳಿತು ಊಟ ಮಾಡುತ್ತಿದ್ದವರು, ಈಗ ಕ್ಯಾರಿಯರ್‌ನಲ್ಲಿ ಊಟವನ್ನು ಮನೆಗೇ ತರಿಸಿಕೊಂಡು ದಿನವಿಡೀ ಟೀವಿಯ ಮುಂದೆ ಇರುತ್ತಾರೆ. ಟೀವಿಯ ಸದ್ದು ಹೆಚ್ಚಾಯಿತೆಂದು ಪಕ್ಕದ ಮನೆಯವರು ಎರಡು ಸಲ ಹೇಳಿಯೂ ಆಯಿತು. ಕರೆದರೆ, ‘ಅವರ ಮಾತಿನಲ್ಲಿ ಏನಿದೆ’ ಎನ್ನುತ್ತಾರೆ. ನಾವು ಇಲ್ಲಿಗೆ ಬಂದದ್ದೇ ತಪ್ಪಾಯಿತೇ?
– ಹೆಸರು ಬೇಡ, ಮೈಸೂರು

ಉತ್ತರ: ತಪ್ಪಾಯಿತೆಂದು ಇಷ್ಟು ಬೇಗ ತೀರ್ಮಾನಿಸಬೇಡಿ. ನಿಮ್ಮ ಪತ್ರವನ್ನು ಎರಡನೆಯ ಸಲ ಓದಿದಾಗ ನನ್ನ ಕಣ್ಣು ನಿಂತದ್ದು ಟೀವಿಯ ಸದ್ದಿನ ಬಗ್ಗೆ ನೀವು ಬರೆದ ಸಾಲಿನ ಮೇಲೆ. ನಿಮ್ಮ ಯಜಮಾನರಿಗೆ ಜನ ಬೇಡವಾಗಿದ್ದಾರೆಯೋ ಅಥವಾ ಜನರ ಮಾತು ಕೇಳಿಸುತ್ತಿಲ್ಲವೋ ಎಂಬುದನ್ನು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕು. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಸಾಮಾನ್ಯವಾಗಿ ಮೊದಲು ಮಸುಕಾಗುವುದು ಎತ್ತರದ ಸ್ವರದ ಸದ್ದುಗಳು. ‘ಸ’, ‘ಶ’ದಂಥ ಅಕ್ಷರಗಳು ಜಾರಿಹೋಗಿ, ಎದುರಿನವರು ಮಾತನಾಡುತ್ತಿರುವುದು ಕೇಳಿದರೂ ಏನು ಹೇಳಿದರೆಂಬುದು ತಿಳಿಯುವುದಿಲ್ಲ. ಮನೆಯಲ್ಲಿ ಒಬ್ಬರ ಎದುರು ಒಬ್ಬರು ಕುಳಿತಾಗ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಹತ್ತಾರು ಜನ ಒಟ್ಟಿಗೆ ಮಾತನಾಡುವ, ಸ್ಟೀಲ್ ತಟ್ಟೆ ಲೋಟಗಳು ಸದ್ದು ಮಾಡುವ ಊಟದ ಮನೆಯಲ್ಲಿ ಅದು ಬಯಲಾಗುತ್ತದೆ.

ಇದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ಚಿಕ್ಕಮ್ಮ ಇಂಥದ್ದೇ ಒಂದು ವಸತಿಯಲ್ಲಿ ಆರು ವರ್ಷ ಇದ್ದರು. ಒಮ್ಮೆ ಅವರ ಜೊತೆ ಊಟಕ್ಕೆ ಕುಳಿತಿದ್ದಾಗ, ಎದುರಿಗಿದ್ದವರೊಬ್ಬರು ‘ಸಾರು ಹೇಗಿದೆ’ ಎಂದು ಕೇಳಿದ್ದಕ್ಕೆ ಚಿಕ್ಕಮ್ಮ ‘ಊರಿಂದ ಇನ್ನೂ ಬಂದಿಲ್ಲ’ ಎಂದರು. ಮೇಜಿನಲ್ಲಿದ್ದ ಯಾರೋ ನಕ್ಕರು. ಚಿಕ್ಕಮ್ಮನ ಎಡಗೈ ಸೆರಗಿನ ತುದಿಯನ್ನು ಹಿಡಿದು ಸುತ್ತತೊಡಗಿತು. ಊಟ ಮುಗಿಯುವವರೆಗೂ ಅವರು ತಲೆ ಎತ್ತಲಿಲ್ಲ. ಮರುದಿನದಿಂದ ಊಟ ಕೋಣೆಗೆ ಬರತೊಡಗಿತು. ಅವರಿಗೆ ಜನ ಸೇರುವುದಿಲ್ಲವೆಂದು ನಾವೆಲ್ಲ ಭಾವಿಸಿ ಒಂದು ವರ್ಷವನ್ನು ಸುಮ್ಮನೆ ಕಳೆದೆವು. ಆ ವರ್ಷದ ಬಗ್ಗೆ ನನಗೆ ಇಂದಿಗೂ ನೋವಿದೆ, ಆದ್ದರಿಂದಲೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೈಸೂರಿನಲ್ಲಿರುವ ನಿಮಗೆ ಇದಕ್ಕಾಗಿ ದೂರ ಹೋಗುವ ಅಗತ್ಯವೂ ಇಲ್ಲ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದದ್ದು. ದೇಶದ ನಾನಾ ಭಾಗಗಳಿಂದ ಜನ ಅಲ್ಲಿಗೆ ಶ್ರವಣ ಪರೀಕ್ಷೆಗೆ ಬರುತ್ತಾರೆ. ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಇಬ್ಬರೂ ಹೋಗಿ, ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ಹಾಗೆ ಮಾಡಿದರೆ ಅವರಿಗೆ ತಮ್ಮೊಬ್ಬರನ್ನೇ ರೋಗಿಯನ್ನಾಗಿ ಮಾಡಿದರೆಂಬ ಮುಜುಗರ ಇರುವುದಿಲ್ಲ. ಶ್ರವಣ ಸಾಧನ ಬೇಕೆಂದರೆ, ಮೊದಲ ಕೆಲವು ವಾರ ಅದು ಕಿರಿಕಿರಿ ಮಾಡುತ್ತದೆಂದೂ, ಪಾತ್ರೆಯ ಸದ್ದು ಕರ್ಕಶವೆನಿಸುತ್ತದೆಂದೂ, ಕಿವಿ ಮತ್ತು ಮಿದುಳು ಅದಕ್ಕೆ ಒಗ್ಗಿಕೊಳ್ಳಲು ಸಮಯ ಬೇಕೆಂದೂ ಮೊದಲೇ ಹೇಳಿಡಿ. ಬಹಳ ಜನ ಆ ವಾರಗಳಲ್ಲಿಯೇ ಬೇಸತ್ತು ಅದನ್ನು ತೆಗೆದು ಡಬ್ಬಿಯಲ್ಲಿಟ್ಟುಬಿಡುತ್ತಾರೆ. ಕಿವಿಯ ವಿಷಯವನ್ನು ಇಷ್ಟು ದೀರ್ಘವಾಗಿ ಬರೆಯಲು ಇನ್ನೊಂದು ಕಾರಣವೂ ಇದೆ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗವು 2024ರ ವರದಿಯಲ್ಲಿ, ಮರೆಗುಳಿತನಕ್ಕೆ ದಾರಿಮಾಡುವ ಮತ್ತು ನಾವು ತಡೆಯಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿದೆ. ಚಿಕಿತ್ಸೆಯಿಲ್ಲದೆ ಬಿಟ್ಟ ಶ್ರವಣ ದೋಷ, ಜನಸಂಪರ್ಕವಿಲ್ಲದ ಒಂಟಿ ಬಾಳು, ದೈಹಿಕ ಚಟುವಟಿಕೆಯ ಕೊರತೆ ಮೂರೂ ಅದರಲ್ಲಿ ಇವೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮನೆಯಲ್ಲಿ ಮೂರೂ ಒಂದನ್ನೊಂದು ಎಳೆದುಕೊಂಡು ಬರುತ್ತಿರುವ ಹಾಗಿದೆ.

ಕಿವಿ ಸರಿಹೋದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳಲಾರೆ. ವಸತಿ ಸಮುಚ್ಚಯದವರು ಗೋಡೆಗೆ ಅಂಟಿಸುವ ವಾರದ ಕಾರ್ಯಕ್ರಮ ಪಟ್ಟಿ ಎಷ್ಟೇ ಉದ್ದವಾಗಿರಲಿ, ಅದರಲ್ಲಿ ನಿವಾಸಿಗಳಿಗೆ ಸಿಗುವುದು ಪ್ರೇಕ್ಷಕರ ಕುರ್ಚಿ. ದುಡಿದು ಬಾಳಿದ ಮನುಷ್ಯನಿಗೆ ತನಗಾಗಿ ಯಾರಾದರೂ ಕಾಯುತ್ತಿದ್ದಾರೆ, ತಾನು ಹೋಗದಿದ್ದರೆ ಒಂದು ಕೆಲಸ ನಿಂತುಹೋಗುತ್ತದೆ ಎಂಬ ಭಾವನೆ ಬೇಕಾಗುತ್ತದೆ. ‘ಬನ್ನಿ, ಭಜನೆಗೆ ಕೂರೋಣ’ ಎಂದರೆ ಏಳದವರು, ‘ಸಂಪಿನ ನೀರು ಯಾಕೋ ಬೇಗ ಖಾಲಿಯಾಗುತ್ತಿದೆ, ಸ್ವಲ್ಪ ನೋಡುತ್ತೀರಾ ಸರ್’ ಎಂದರೆ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ನಿಮ್ಮ ಯಜಮಾನರು ನೀರಾವರಿಯಲ್ಲಿ ಬಾಳು ಸವೆಸಿದವರು. ಸಮುಚ್ಚಯದ ನೀರಿನ ಲೆಕ್ಕ, ಮಳೆನೀರಿನ ಕೊಯ್ಲು, ಕೈತೋಟಕ್ಕೆ ಹನಿ ನೀರಾವರಿ, ಇವುಗಳಲ್ಲಿ ಒಂದನ್ನು ಅವರಿಗೆ ವಹಿಸುವಂತೆ ನಿವಾಸಿಗಳ ಸಂಘದ ಪದಾಧಿಕಾರಿಗಳನ್ನು ನೀವೇ ಹೋಗಿ ಕೇಳಿ. ಆದರೆ ನೀವು ಕೇಳಿದಿರೆಂಬುದು ಅವರಿಗೆ ತಿಳಿಯುವುದು ಬೇಡ. ಮುಂದೆ ಒಂದು ಸಂಜೆ ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು, ಹುಲಿಕೆರೆ ಸುರಂಗವನ್ನು ದಾಟಿ ಮಂಡ್ಯದ ಗದ್ದೆಗಳಿಗೆ ಬರುವ ಕಥೆಯನ್ನು ಅವರಿಂದ ಹೇಳಿಸಿ. ಆ ನೀರು ಕುಡಿದು, ಆ ಅಕ್ಕಿ ಉಂಡು ಬೆಳೆದವರು ಅಲ್ಲಿ ಬಹಳ ಜನರಿರುತ್ತಾರೆ.

ನಿಮ್ಮ ಬಗ್ಗೆಯೂ ಒಂದು ಮಾತು. ‘ಹೇಗೋ ಹೊಂದಿಕೊಂಡಿದ್ದೇನೆ’ ಎಂದು ಬರೆದಿದ್ದೀರಿ. ಆ ‘ಹೇಗೋ’ ನನ್ನ ಮನಸ್ಸಿಗೆ ತಟ್ಟಿತು. ಹೊಸ ಜಾಗಕ್ಕೆ ಬಂದವರು ಹಳೆಯ ನಂಟುಗಳನ್ನು ಕಡಿದುಕೊಳ್ಳಬೇಕಾಗಿಲ್ಲ. ಮಂಡ್ಯ ನಿಮಗೆ ಸುಮಾರು 45 ಕಿಲೋಮೀಟರ್ ಅಷ್ಟೇ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸಿನ ಪ್ರಯಾಣ ನಿಮಗೆ ಉಚಿತ, 60 ದಾಟಿದ ಯಜಮಾನರಿಗೆ ಶೇ 25ರ ರಿಯಾಯಿತಿ ಉಂಟು. ತಿಂಗಳಿಗೊಮ್ಮೆ ಹಳೆಯ ಬೀದಿಗೆ ಹೋಗಿ, ಗೆಳತಿಯ ಮನೆಯಲ್ಲಿ ಊಟ ಮಾಡಿ, ಸಂಜೆಯ ಬಸ್ಸಿಗೆ ಹಿಂದಿರುಗಿ. ಅವರನ್ನೂ ನಿಮ್ಮಲ್ಲಿಗೆ ಕರೆಯಿರಿ. ಗೇಟಿನ ಹೊರಗಿನವರು ಬಂದುಹೋಗುತ್ತಿದ್ದರೆ ಒಳಗಿನ ಮಾತುಕತೆಯೂ ಮಂಡಿನೋವು, ಮಾತ್ರೆಗಳಲ್ಲೇ ಮುಗಿಯುವುದಿಲ್ಲ.

ಪ್ರಶ್ನೆ: ಸರಸ್ವತಿಪುರಂನ ಹಳೆಯ ಮನೆಯಲ್ಲಿ ಒಬ್ಬರೇ ಇರುವ 76 ವರ್ಷದ ನನ್ನ ತಾಯಿ, ಹಿರಿಯರ ವಸತಿಗೆ ಸೇರುತ್ತೇನೆಂದು ತಾವೇ ಹೇಳುತ್ತಿದ್ದಾರೆ. ಬಂಧುಗಳು, ‘ಮಗಳಿದ್ದೂ ತಾಯಿಯನ್ನು ಆಶ್ರಮಕ್ಕೆ ಹಾಕಿದಳು’ ಎನ್ನುತ್ತಾರೆಂಬ ಅಳುಕು ನನಗಿದೆ. ಯಾವುದನ್ನು ನೋಡಿ ನಿರ್ಧರಿಸಬೇಕು?
– ಒಬ್ಬ ಮಗಳು, ಬೆಂಗಳೂರು

ಉತ್ತರ: ತಾಯಿ ತಾವೇ ಬಯಸುತ್ತಿದ್ದಾರೆಂಬುದೇ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ. ಬಂಧುಗಳ ಮಾತಿಗಾಗಿ ಅವರನ್ನು ಆ ದೊಡ್ಡ ಮನೆಯಲ್ಲಿ ಒಂಟಿಯಾಗಿ ಉಳಿಸುವುದು ಅವರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಆದರೆ ಮನೆಯನ್ನು ಈಗಲೇ ಮಾರಬೇಡಿ. ಅನೇಕ ಸಮುಚ್ಚಯಗಳಲ್ಲಿ ಅತಿಥಿಯಾಗಿ ಕೆಲವು ವಾರ ಇದ್ದು ನೋಡುವ ಅವಕಾಶವಿರುತ್ತದೆ. ತಾಯಿಯವರು ಒಂದು ತಿಂಗಳಾದರೂ ಇದ್ದು ನೋಡಲಿ. ನೀವು ನೋಡಲು ಹೋಗುವಾಗ ಮಾರಾಟ ವಿಭಾಗದವರು ಹೇಳಿದ ಹೊತ್ತಿಗೆ ಹೋಗದೆ, ಸಂಜೆ ನಾಲ್ಕು ಗಂಟೆಯ ಕಾಫಿಯ ಸಮಯಕ್ಕೆ ಹೋಗಿ. ಹಜಾರದ ಕುರ್ಚಿಗಳು ಗೋಡೆಗೆ ಸಾಲಾಗಿ ಆನಿಸಿವೆಯೋ, ನಾಲ್ಕು ನಾಲ್ಕು ಜನ ಎದುರುಬದುರು ಕೂರುವಂತೆ ಎಳೆದುಕೊಂಡಿದ್ದಾರೋ ಗಮನಿಸಿ. ಕಾಫಿ ಕೊಡುವ ಹುಡುಗಿ ಹಿರಿಯರನ್ನು ಹೆಸರಿನಿಂದ ಮಾತನಾಡಿಸುತ್ತಾಳೆಯೇ, ನಿವಾಸಿಗಳ ಸಂಘ ಚುನಾಯಿತವೇ, ಊಟದ ಪಟ್ಟಿ ಬದಲಿಸುವ ಅಧಿಕಾರ ಅದಕ್ಕಿದೆಯೇ ಎಂದು ವಿಚಾರಿಸಿ. ಬಚ್ಚಲಿನಲ್ಲಿ ಹಿಡಿದುಕೊಳ್ಳುವ ಕಂಬಿ, ಜಾರದ ನೆಲ, ಹಾಸಿಗೆಯ ಬಳಿ ಕರೆಗಂಟೆ ಇರಲೇಬೇಕು. ಮುಖ್ಯ ರಸ್ತೆಯ ಬಸ್ ನಿಲ್ದಾಣಕ್ಕೆ ನಡೆದು ಹೋಗಬಹುದೇ ಎಂಬುದನ್ನೂ ತಾಯಿಯವರ ಹೆಜ್ಜೆಯಲ್ಲೇ ನಡೆದು ನೋಡಿ. ಊರಿನಿಂದ ದೂರವಿರುವ ಚೆಂದದ ತೋಟದ ಮನೆ ಕೆಲವೇ ತಿಂಗಳಲ್ಲಿ ಸೆರೆಯಾಗಬಹುದು.

ಕರಾರು ಪತ್ರವನ್ನು ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ. ಠೇವಣಿಯಲ್ಲಿ ಎಷ್ಟು ಯಾವಾಗ ಹಿಂದಿರುಗುತ್ತದೆ, ತಿಂಗಳ ನಿರ್ವಹಣಾ ಶುಲ್ಕ ಯಾವ ಲೆಕ್ಕದಲ್ಲಿ ಏರುತ್ತದೆ, ಹಾಸಿಗೆ ಹಿಡಿದರೆ ಅಲ್ಲೇ ಇರಬಹುದೇ ಎಂಬ ಮೂರೂ ಬರಹದಲ್ಲಿರಬೇಕು. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ನಿವೃತ್ತರ ವಸತಿಗಳಿಗಾಗಿ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಮಾಲೀಕರನ್ನು ಪ್ರಶ್ನಿಸುವಾಗ ಅದನ್ನು ಕೈಯಲ್ಲಿಟ್ಟುಕೊಳ್ಳಿ. ಹಿರಿಯರ ಸಹಾಯವಾಣಿ 14567 ಅನ್ನು ತಾಯಿಯವರ ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಉಳಿಸಿಕೊಡಿ.

ಪ್ರಶ್ನೆ: ನನಗೆ 81. ನಮ್ಮ ವಸತಿಯಲ್ಲಿ ಬೆಳಗಿನ ನಡಿಗೆ ತಪ್ಪಿಸುವುದಿಲ್ಲ. ಈ ವಯಸ್ಸಿಗೆ ಇಷ್ಟು ಸಾಲದೇ?
– ಓದುಗ, ಮೈಸೂರು

ಉತ್ತರ: ನಡಿಗೆಯನ್ನು ಬಿಡಬೇಡಿ, ಅದರ ಜೊತೆಗೆ ಇನ್ನಷ್ಟು ಸೇರಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವೇಗದ ಚಟುವಟಿಕೆಯ ಜೊತೆಗೆ, ವಾರದಲ್ಲಿ ಮೂರು ದಿನವಾದರೂ ದೇಹದ ಸಮತೋಲನ ಮತ್ತು ಬಲವನ್ನು ಹೆಚ್ಚಿಸುವ ವ್ಯಾಯಾಮವನ್ನು ಹೇಳುತ್ತದೆ. ಬಿದ್ದು ಮೂಳೆ ಮುರಿದುಕೊಳ್ಳುವುದನ್ನು ತಡೆಯುವುದು ಇದರ ಉದ್ದೇಶ. ವೈದ್ಯರನ್ನು ಕೇಳಿಕೊಂಡು, ಗಟ್ಟಿಯಾದ ಕುರ್ಚಿಯ ಬೆನ್ನನ್ನು ಹಿಡಿದು ಒಂದು ಕಾಲಿನ ಮೇಲೆ ಹತ್ತು ಎಣಿಸುವುದರಿಂದ ಆರಂಭಿಸಿ. ಒಬ್ಬರೇ ನಡೆಯುತ್ತಿದ್ದರೆ ಭಾನುವಾರವಾದರೂ ಇಬ್ಬರನ್ನು ಕರೆದುಕೊಂಡು ಕುಕ್ಕರಹಳ್ಳಿ ಕೆರೆಯ ಏರಿಗೆ ಹೋಗಿ. ದಾರಿಯಲ್ಲಿ ಕಲ್ಲುಬೆಂಚುಗಳಿದ್ದರೆ ಕೂತು ಮಾತನಾಡಿ. ಆ ಹೊತ್ತನ್ನು ವ್ಯಾಯಾಮದ ಲೆಕ್ಕದಿಂದ ಕಳೆಯಬೇಕಾಗಿಲ್ಲ.