ದುಂಡಗಿನದು ದುಂಡಗೇ ಕಾಣಬೇಕು: ಅಗಲ ಪರದೆಯ ಟಿವಿ ಕುರಿತ ಪ್ರಶ್ನೆಗಳಿಗೆ ಉತ್ತರ

ಈ ಸಲ ಕೈಸೇರಿದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತವೆ. ಚಿತ್ರ ದಪ್ಪಗಾಗಿದೆ, ಚಿತ್ರ ಸಣ್ಣದಾಗಿದೆ, ಕಪ್ಪು ಪಟ್ಟಿ ಬರುತ್ತಿದೆ, ಕೊಟ್ಟ ದುಡ್ಡಿಗೆ ಪರದೆ ತುಂಬುತ್ತಿಲ್ಲ ಎಂಬ ಈ ದೂರುಗಳನ್ನು ಬಾಲ್ಕನಿಯ ಮೇಲೆ ಆಂಟೆನಾ ಕಟ್ಟುತ್ತಿದ್ದ ಕಾಲದಿಂದ ಮುಂಬಯಿಯಲ್ಲಿ ಟಿವಿ ರಿಪೇರಿ ಮಾಡಿಕೊಂಡು ಬಂದಿರುವ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಒಂದು ಪ್ರಶ್ನೆಗೆ ವಿವರವಾಗಿ ಉತ್ತರಿಸಿ, ಉಳಿದವುಗಳಿಗೆ ಯೋಗ್ಯವಾದಷ್ಟೇ ಜಾಗ ಕೊಡುತ್ತೇನೆ. ರಿಮೋಟಿನಲ್ಲಿ ಸೆಟ್ಟಿಂಗ್ಸ್ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರನ್ನು ಕೇಳಿ.

ಪ್ರಶ್ನೆ: ಹೋದ ತಿಂಗಳು 43 ಇಂಚಿನ ಟಿವಿ ಕೊಂಡೆವು. ಸೆಟ್‌ಟಾಪ್ ಬಾಕ್ಸ್ ಹಳೆಯದೇ. ಹಳದಿ, ಕೆಂಪು, ಬಿಳಿ ವೈರುಗಳಿಂದ ಜೋಡಿಸಿದ್ದೇವೆ. ಧಾರಾವಾಹಿಯ ಹೆಂಗಸರೆಲ್ಲ ಗಿಡ್ಡಗೆ, ದಪ್ಪಗೆ ಕಾಣುತ್ತಾರೆ; ಮೇಲೆ ಕೆಳಗೆ ಕಪ್ಪು ಪಟ್ಟಿಯೂ ಇದೆ. ರಿಪೇರಿಯವನು ಬಂದು ಟಿವಿಯಲ್ಲಿ 4:3 ಎಂದು ಬದಲಾಯಿಸಿದ. ಮುಖಗಳು ಸರಿಯಾದವು, ಆದರೆ ಈಗ ನಾಲ್ಕೂ ಕಡೆ ಕಪ್ಪು ಚೌಕಟ್ಟು ಬಂದು ಚಿತ್ರ ಚಿಕ್ಕದಾಗಿದೆ. ಪ್ಯಾನೆಲ್‌ನಲ್ಲೇ ದೋಷವಿದೆ ಎಂದು ಹೇಳಿ 500 ರೂಪಾಯಿ ಪಡೆದು ಹೋದ. ಟಿವಿ ಹಿಂದಿರುಗಿಸಬೇಕೆ? (ಡೊಂಬಿವಲಿಯ ಓದುಗರು)

ಹಿಂದಿರುಗಿಸಬೇಡಿ. ನಿಮ್ಮ ಟಿವಿಗೆ ಏನೂ ಆಗಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ತಪ್ಪಿರುವುದು ಬಾಕ್ಸಿನಲ್ಲಿ, ಕೈಯಾಡಿಸಿದ್ದು ಟಿವಿಯ ಮೇಲೆ. ಆ ಮನುಷ್ಯ ಬಾಕ್ಸಿನ ರಿಮೋಟನ್ನು ಕೈಗೆತ್ತಿಕೊಂಡಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು.

ಮೊದಲು ಪ್ಯಾನೆಲ್ ವಿಚಾರವನ್ನು ಮುಗಿಸೋಣ. ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆಯನ್ನು ತಂದು ಗೋಡೆಗೆ ಒರಗಿಸಿ, ಮೊಬೈಲನ್ನು ಅದರ ನಡುಮಧ್ಯಕ್ಕೆ ನೇರವಾಗಿ ಹಿಡಿದು ಒಂದು ಫೋಟೋ ತೆಗೆಯಿರಿ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲಿ ತೆರೆದು, ಬಟ್ಟೆ ಹೊಲಿಯುವ ಟೇಪಿನಿಂದ ತಟ್ಟೆಯ ಅಗಲವನ್ನೂ ಎತ್ತರವನ್ನೂ ಪರದೆಯ ಮೇಲೆಯೇ ಅಳೆಯಿರಿ. ಎರಡೂ ಸಮನಾಗಿದ್ದರೆ ಪ್ಯಾನೆಲ್‌ಗೆ ದೋಷವಿಲ್ಲ ಎಂಬುದಕ್ಕೆ ಅಷ್ಟು ಸಾಕು. ಅನಂತರ ಬಾಕ್ಸಿನ ಚಾನೆಲ್‌ಗೆ ಹೋಗಿ, ದುಂಡಗಿನ ಗಡಿಯಾರವೋ ಚಕ್ರವೋ ಕ್ಯಾಮೆರಾಕ್ಕೆ ನೇರವಾಗಿ ಕಾಣಿಸಿದಾಗ ಅದನ್ನೂ ಅಳೆಯಿರಿ. ಎತ್ತರ 15 ಸೆಂಟಿಮೀಟರ್ ಇದ್ದು ಅಗಲ 20 ಬಂದರೆ, 4:3ರ (ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು) ಚೌಕಟ್ಟನ್ನು ಯಾರೋ 16:9ಕ್ಕೆ (ಅಗಲ ಹದಿನಾರು, ಎತ್ತರ ಒಂಬತ್ತು) ಎಳೆದಿದ್ದಾರೆ. ಅಗಲ 15, ಎತ್ತರ 20 ಬಂದರೆ ಅದೇ ತಪ್ಪು ತಿರುವುಮುರುವಾಗಿ ನಡೆದಿದೆ. ಕಣ್ಣಂದಾಜನ್ನು ನಂಬಬೇಡಿ, ದಪ್ಪ ಮುಖಗಳನ್ನು ಒಂದು ವಾರ ನೋಡಿದ ಕಣ್ಣು ಅವನ್ನೇ ಸರಿಯೆಂದು ಒಪ್ಪಿಕೊಂಡುಬಿಡುತ್ತದೆ.

ಈಗ ಕಾರಣಕ್ಕೆ ಬರುತ್ತೇನೆ. 1972ರ ಅಕ್ಟೋಬರ್ 2ರಂದು ಮುಂಬಯಿ ದೂರದರ್ಶನ ಆರಂಭವಾದಾಗ ಪರದೆಯ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು ಇರುತ್ತಿತ್ತು. 1982ರಲ್ಲಿ ಬಣ್ಣ ಬಂದಾಗಲೂ ಆ ಅಳತೆ ಬದಲಾಗಲಿಲ್ಲ. ಆದರೆ ಸಿನಿಮಾದ ಪರದೆ ಅಷ್ಟರೊಳಗೇ ಹಿಗ್ಗಿತ್ತು. ಇದೇ ಊರಿನಲ್ಲಿ ತಯಾರಾದ, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೆ ಫೂಲ್’ 1959ರಲ್ಲೇ ತೆರೆ ಕಂಡಿದೆ, ಮತ್ತು ಸ್ಕೋಪ್ ಚಿತ್ರದ ಅಗಲ ಅದರ ಎತ್ತರದ ಸುಮಾರು 2.35 ಪಟ್ಟು. 1980ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ಅವರು ಚಾಲ್ತಿಯಲ್ಲಿದ್ದ ಅಳತೆಗಳ ಆಯತಗಳನ್ನು ಒಂದರ ಮೇಲೊಂದಿಟ್ಟು ನೋಡಿ, ತೀರಾ ಮೊಟಕಾದದ್ದಕ್ಕೂ ತೀರಾ ಅಗಲವಾದದ್ದಕ್ಕೂ ಹೆಚ್ಚು ನಷ್ಟವಾಗದಂತೆ ಒಪ್ಪುವ ನಡುವಿನ ಆಕಾರವೊಂದನ್ನು ಸೂಚಿಸಿದರು. ಅದೇ 16:9. ಅಂದರೆ ನಿಮ್ಮ ಗೋಡೆಯ ಮೇಲಿರುವ ಪರದೆಯ ಆಕಾರವೇ ಒಂದು ರಾಜಿ. ಹಳೆಯ ಚಿತ್ರಕ್ಕೆ ಅಕ್ಕಪಕ್ಕದಲ್ಲಿ, ಸ್ಕೋಪ್ ಚಿತ್ರಕ್ಕೆ ಮೇಲೆ ಕೆಳಗೆ ಕಪ್ಪು ಉಳಿಯಲಿ ಎಂದು ಒಪ್ಪಿಕೊಂಡೇ ಅದನ್ನು ರೂಪಿಸಲಾಗಿದೆ. ಕಪ್ಪು ಪಟ್ಟಿ ಕಂಡೊಡನೆ ಟಿವಿ ಕೆಟ್ಟಿತೆಂದು ಫೋನ್ ಮಾಡುವವರು ದಯವಿಟ್ಟು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು.

ಚಾನೆಲ್, ಬಾಕ್ಸ್, ಟಿವಿ ಈ ಮೂವರಲ್ಲಿ ಯಾರು ಬೇಕಾದರೂ ಚಿತ್ರದ ಆಕಾರವನ್ನು ಬದಲಾಯಿಸಬಲ್ಲರು. ಒಬ್ಬರಷ್ಟೇ ಬದಲಾಯಿಸಿದರೆ ಕ್ಷೇಮ. ಇಬ್ಬರು ಕೈಹಾಕಿದರೆ ನಿಮ್ಮ ಮನೆಯಲ್ಲಿ ಆಗಿರುವಂತೆ ಆಗುತ್ತದೆ. ನಿಮ್ಮ ಬಾಕ್ಸು, ತನ್ನ ಮುಂದಿರುವುದು ಹಳೆಯ ಡಬ್ಬಿ ಟಿವಿಯೆಂದು ಇನ್ನೂ ನಂಬಿಕೊಂಡಿದೆ. ಆದ್ದರಿಂದ ಚಾನೆಲ್ ಕಳುಹಿಸುವ ಅಗಲ ಚಿತ್ರವನ್ನು ಅದು 4:3ರ ಚೌಕಟ್ಟಿನೊಳಗೆ ಕುಗ್ಗಿಸಿ, ಮೇಲೆ ಕೆಳಗೆ ಕಪ್ಪು ಬಳಿದು ಕಳುಹಿಸುತ್ತದೆ. ಟಿವಿ ಆ ಚೌಕಟ್ಟನ್ನು ಪಟ್ಟಿಯ ಸಮೇತ ಪರದೆಯ ಅಗಲಕ್ಕೆ ಎಳೆದಾಗ ಪ್ರತಿಯೊಬ್ಬರೂ ಇದ್ದುದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಅಗಲವಾದರು. ರಿಪೇರಿಯವನು ಎಳೆಯುವುದನ್ನು ನಿಲ್ಲಿಸಿದ. ಆಗ ಬಾಕ್ಸು ಬಳಿದ ಪಟ್ಟಿಗಳ ಜೊತೆಗೆ ಟಿವಿಯೂ ಅಕ್ಕಪಕ್ಕದಲ್ಲಿ ತನ್ನ ಎರಡು ಪಟ್ಟಿಗಳನ್ನು ಸೇರಿಸಿತು. ಸುಮಾರು 95 ಸೆಂಟಿಮೀಟರ್ ಅಗಲದ ನಿಮ್ಮ ಪರದೆಯಲ್ಲಿ ಚಿತ್ರ 71 ಸೆಂಟಿಮೀಟರ್‌ಗೆ ಇಳಿಯಿತು, ಎತ್ತರವೂ ಅದೇ ಪ್ರಮಾಣದಲ್ಲಿ ಇಳಿಯಿತು. ಲೆಕ್ಕ ಹಾಕಿದರೆ ಪರದೆಯ ಅರ್ಧಕ್ಕಿಂತ ತುಸುವೇ ಹೆಚ್ಚು ಭಾಗ ಬಳಕೆಯಲ್ಲಿದೆ. ಮೊದಲಿನ ದಪ್ಪ ಮುಖಗಳೂ ಈಗಿನ ಚೌಕಟ್ಟೂ ಒಂದೇ ತಪ್ಪಿನಿಂದ ಹುಟ್ಟಿದವು.

ಆದ್ದರಿಂದ ಬಾಕ್ಸಿನ ಮೆನು ತೆರೆಯಿರಿ. ಆಸ್ಪೆಕ್ಟ್ ರೇಷಿಯೋ, ಟಿವಿ ಶೇಪ್, ಸ್ಕ್ರೀನ್ ಟೈಪ್ ಹೀಗೆ ಯಾವುದಾದರೊಂದು ಹೆಸರಿನಲ್ಲಿ ಅದು ಇರುತ್ತದೆ. ಅಲ್ಲಿ ‘4:3 ಲೆಟರ್‌ಬಾಕ್ಸ್’ ಎಂದಿರುವುದನ್ನು 16:9 ಎಂದು ಬದಲಾಯಿಸಿ. ಹಳೆಯ ಚಿತ್ರಗಳನ್ನು ಹೇಗೆ ತೋರಿಸಬೇಕೆಂದು ಕೇಳಿದರೆ ‘ಪಿಲ್ಲರ್‌ಬಾಕ್ಸ್’ (ಅಕ್ಕಪಕ್ಕ ಕಪ್ಪು ಪಟ್ಟಿ ಬಿಟ್ಟು) ಎನ್ನಿ, ‘ಫುಲ್’ ಎನ್ನಬೇಡಿ. ಆಮೇಲೆ ಟಿವಿಯನ್ನೂ 16:9ಕ್ಕೆ ತಂದು ಅಲ್ಲಿಗೆ ಬಿಟ್ಟುಬಿಡಿ. ಟಿವಿಯ ಹಿಂದಿರುವ ಪ್ರತಿಯೊಂದು ಇನ್‌ಪುಟ್‌ಗೂ ಈ ಸೆಟ್ಟಿಂಗ್ ಸಾಮಾನ್ಯವಾಗಿ ಬೇರೆಯಾಗಿಯೇ ಇರುತ್ತದೆ ಎಂಬುದು ನೆನಪಿರಲಿ. ಬಾಕ್ಸಿನಲ್ಲಿ ಎಚ್‌ಡಿಎಂಐ ಇದ್ದರೆ ಮೂರು ಬಣ್ಣದ ವೈರುಗಳನ್ನು ಬಿಚ್ಚಿ ಅದನ್ನೇ ಬಳಸಿ.

ಬಾಕ್ಸನ್ನು ಮುಟ್ಟದೆ ಟಿವಿಯಲ್ಲಿ ‘ಝೂಮ್’ ಒತ್ತಿದರೂ ಪರದೆ ತುಂಬುತ್ತದೆ, ಮುಖಗಳೂ ಸರಿಯಾಗುತ್ತವೆ, ಸರಿ. ಆದರೆ ಬಾಕ್ಸು ಕಪ್ಪು ಬಳಿದು ಕಳುಹಿಸಿದ 576 ಗೆರೆಗಳಲ್ಲಿ ಚಿತ್ರಕ್ಕೆ ಉಳಿದಿರುವುದು 432 ಮಾತ್ರ. ಝೂಮ್ ಅವನ್ನೇ ಹಿಗ್ಗಿಸುತ್ತದೆ. ಗಂಜಿಗೆ ನೀರು ಬೆರೆಸಿ ಪಾತ್ರೆ ತುಂಬಿಸಿದಂತೆ ಅದು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಚಾನೆಲ್‌ಗಳಲ್ಲಿ ಹಳೆಯ ಕಪ್ಪುಬಿಳುಪಿನ ಚಿತ್ರಗಳು ಚಪ್ಪಟೆಯಾಗಿಯೇ ಕಾಣುತ್ತವೆ. ಅಲ್ಲಿ ಅಪರಾಧಿ ಚಾನೆಲ್. ಪರದೆ ತುಂಬದಿದ್ದರೆ ನೋಡುಗ ಬೇರೆ ಚಾನೆಲ್‌ಗೆ ಹೋಗುತ್ತಾನೆಂದು ಹೆದರಿ, ಅವರೇ ಎಳೆದು ಪ್ರಸಾರ ಮಾಡುತ್ತಾರೆ. ಆ ಚಿತ್ರ ಮುಗಿಯುವವರೆಗೆ ಟಿವಿಯನ್ನು 4:3ಕ್ಕೆ ಇಡಿ. ಅವರು ಎಳೆದಷ್ಟನ್ನು ಅದು ಒತ್ತಿ ಒಳಗೆ ತರುತ್ತದೆ, ನಾಯಕಿಯ ಮುಖ ಮತ್ತೆ ಮುಖದಂತಾಗುತ್ತದೆ. ಚಿತ್ರ ಮುಗಿದ ಮೇಲೆ ಮರೆಯದೆ 16:9ಕ್ಕೆ ಹಿಂದಿರುಗಿಸಿ, ಇಲ್ಲವಾದರೆ ಮರುದಿನ ನೀವೇ ನನಗೆ ಇನ್ನೊಂದು ಪತ್ರ ಬರೆಯುತ್ತೀರಿ.

ಪ್ರಶ್ನೆ: ಪಕ್ಕದ ಮನೆಯವರ ಟಿವಿಯಲ್ಲಿ ‘ವೈಡ್ ಝೂಮ್’ ಎಂಬುದಿದೆ, ಹಳೆಯ ಚಿತ್ರವೂ ಪರದೆ ತುಂಬಾ ಬರುತ್ತದೆ. ನಮಗೂ ಅದು ಬೇಕು. (ಘಾಟ್ಕೋಪರ್)

ಅದು ನಡುವಿನ ಭಾಗವನ್ನು ಹೆಚ್ಚುಕಡಿಮೆ ಹಾಗೆಯೇ ಬಿಟ್ಟು ಅಂಚುಗಳನ್ನು ಹಿಗ್ಗಿಸುವ ಕಣ್ಕಟ್ಟು. ಬ್ಯಾಟ್ಸ್‌ಮನ್ ನಡುವಿನಿಂದ ಅಂಚಿಗೆ ಓಡುವಾಗ ಹೇಗೆ ಊದಿಕೊಳ್ಳುತ್ತಾನೆಂದು ಒಮ್ಮೆ ಗಮನವಿಟ್ಟು ನೋಡಿದರೆ ನಿಮ್ಮ ಆಸೆ ತೀರುತ್ತದೆ.

ಪ್ರಶ್ನೆ: ಕಪ್ಪು ಪಟ್ಟಿ ಬಹಳ ಹೊತ್ತು ಇದ್ದರೆ ಪರದೆ ಸುಟ್ಟುಹೋಗುತ್ತದೆಂದು ಅಂಗಡಿಯವರು ಹೆದರಿಸಿದ್ದಾರೆ. (ಚಿಂಚ್‌ವಡ್, ಪುಣೆ)

ಸಾಮಾನ್ಯ ಎಲ್‌ಇಡಿ ಟಿವಿಯೆಂದರೆ ಹಿಂದಿನಿಂದ ಬೆಳಕು ಬೀಳುವ ಎಲ್‌ಸಿಡಿಯೇ. ಅದಕ್ಕೆ ಈ ಭಯವಿಲ್ಲ. ಹಳೆಯ ಪ್ಲಾಸ್ಮಾ ಅಥವಾ ಹೊಸ ಓಎಲ್‌ಇಡಿ ಇದ್ದರೆ, ದಿನವಿಡೀ ಒಂದೇ ಆಕಾರದ ಚಿತ್ರವನ್ನು ತಿಂಗಳುಗಟ್ಟಲೆ ಹಾಕಿಡಬೇಡಿ ಎನ್ನುತ್ತೇನೆ. ಆದರೂ ಅಂಥ ಪರದೆಯಲ್ಲಿ ಪಟ್ಟಿಗಿಂತ ನಾನು ಹೆಚ್ಚು ಹೆದರುವುದು ಮೂಲೆಯಲ್ಲಿ ಅಲುಗಾಡದೆ ಹೊಳೆಯುವ ಚಾನೆಲ್ ಲೋಗೋಗೆ.

ಪ್ರಶ್ನೆ: ಸುದ್ದಿಯ ಸಾಲಿನ ಕೆಳಭಾಗ ಮತ್ತು ಬದಿಯ ಅಕ್ಷರಗಳು ಕತ್ತರಿಸಿ ಹೋಗುತ್ತವೆ. (ವಾಸ್ಕೊ, ಗೋವಾ)

ಡಬ್ಬಿ ಟಿವಿಯ ಅಂಚಿನ ಓರೆಕೋರೆಗಳನ್ನು ಮರೆಮಾಡಲು ಚಿತ್ರವನ್ನು ತುಸು ಹಿಗ್ಗಿಸುತ್ತಿದ್ದ ಓವರ್‌ಸ್ಕ್ಯಾನ್ ಎಂಬ ಹಳೆಯ ಅಭ್ಯಾಸವದು, ಕಾರಣವಿಲ್ಲದೆ ಹೊಸ ಟಿವಿಗಳಲ್ಲೂ ಉಳಿದುಕೊಂಡಿದೆ. ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘ಫುಲ್ ಪಿಕ್ಸೆಲ್’ ಇವುಗಳಲ್ಲಿ ನಿಮ್ಮ ಟಿವಿಯಲ್ಲಿ ಯಾವುದಿದೆಯೋ ಅದನ್ನು ಆರಿಸಿ.

ಪ್ರಶ್ನೆ: 1,500 ರೂಪಾಯಿಯ ಚಿನ್ನದ ಲೇಪದ ಎಚ್‌ಡಿಎಂಐ ಕೇಬಲ್ ಹಾಕಿದರೆ ಚಿತ್ರದ ಅಳತೆ ಸರಿಹೋಗುತ್ತದೆಯೇ? (ಮೀರಾ ರೋಡ್)

ಇಲ್ಲ.

ಪ್ರಶ್ನೆ: ತಂದೆಯವರು 1990ರ ದಶಕದಲ್ಲಿ ವೇಷ ಹಾಕಿದ ಯಕ್ಷಗಾನದ ವಿಎಚ್‌ಎಸ್ ಕ್ಯಾಸೆಟ್ಟನ್ನು ಪೆನ್‌ಡ್ರೈವ್‌ಗೆ ಹಾಕಿಸಿದೆವು. ಟಿವಿಯಲ್ಲಿ ಅವರ ಕಿರೀಟ ಅದುಮಿದಂತೆ ಕಾಣುತ್ತದೆ. ಮತ್ತೆ ಮಾಡಿಸಬೇಕೆ? (ಮುಲುಂಡ್)

ಮೊದಲು ಅಂಗಡಿಯವರು ಏನು ಮಾಡಿದ್ದಾರೆಂದು ಪತ್ತೆ ಮಾಡಿ. ಕಂಪ್ಯೂಟರಿನಲ್ಲಿ ಆ ಫೈಲನ್ನು ವಿಎಲ್‌ಸಿ ಎಂಬ ವಿಡಿಯೋ ನೋಡುವ ತಂತ್ರಾಂಶದಲ್ಲಿ ತೆರೆದು, ಕೀಬೋರ್ಡಿನ ‘ಎ’ ಅಕ್ಷರವನ್ನು 4:3 ಎಂದು ತೋರಿಸುವವರೆಗೆ ಒತ್ತುತ್ತಾ ಹೋಗಿ. ಕಿರೀಟ ತನ್ನ ಎತ್ತರಕ್ಕೆ ನಿಂತು, ಚೆಂಡೆಯ ಮೇಲ್ಮೈ ದುಂಡಗೆ ಕಂಡರೆ ಚಿತ್ರ ಪೂರ್ತಿಯಾಗಿಯೇ ಇದೆ. ಸುಮ್ಮನೆ ಎಳೆದಿದ್ದಾರೆ ಅಷ್ಟೆ. ಎಂಕೆವಿ ಎಂಬ ಬಗೆಯ ವಿಡಿಯೋ ಫೈಲ್ ಆಗಿ ಬದಲಾಯಿಸಿಕೊಡುವ ಉಚಿತ ತಂತ್ರಾಂಶಗಳಲ್ಲಿ 4:3 ಎಂಬ ಗುರುತನ್ನು ಹಾಕಿದರೆ, ಚಿತ್ರವನ್ನು ಮರುಮುದ್ರಿಸದೆಯೇ ಸರಿಹೋಗುತ್ತದೆ. ಕೆಲವು ಅಂಗಡಿಗಳು ಇದರ ಇನ್ನೊಂದು ಬಗೆಯ ತಪ್ಪನ್ನೂ ಮಾಡುತ್ತವೆ: ನಮ್ಮ ಟೇಪುಗಳನ್ನು 720 ಅಡ್ಡ, 576 ಉದ್ದದ ಬಿಂದುಗಳಾಗಿ ಇಳಿಸಿಕೊಳ್ಳುವಾಗ ಆ ಬಿಂದುಗಳು ಸಮಚೌಕವಲ್ಲ ಎಂಬುದನ್ನು ಮರೆಯುತ್ತಾರೆ, ಆಗ ವೇಷಧಾರಿಗಳೆಲ್ಲ ತುಸು ಸಣಕಲಾಗಿ ಕಾಣುತ್ತಾರೆ. ಅದಕ್ಕೂ ಇದೇ ಮದ್ದು.

ಆದರೆ ಕಿರೀಟದ ತುದಿಯೂ ಕುಣಿಯುವ ಕಾಲುಗಳೂ ಚೌಕಟ್ಟಿನಿಂದ ಹೊರಗುಳಿದಿದ್ದರೆ, ಪರದೆ ತುಂಬಿಸುವ ಉತ್ಸಾಹದಲ್ಲಿ ಅವರು ಮೇಲೆ ಕೆಳಗೆ ಸೇರಿ ಎತ್ತರದ ಕಾಲುಭಾಗವನ್ನು ಕತ್ತರಿಸಿದ್ದಾರೆ, ಮತ್ತು ಆ ಫೈಲಿನಿಂದ ಅದನ್ನು ಮರಳಿ ಪಡೆಯುವ ಉಪಾಯ ಯಾರ ಬಳಿಯೂ ಇಲ್ಲ. ನನ್ನ ತಂಗಿಯ ಮದುವೆಯ ಕ್ಯಾಸೆಟ್ಟಿಗೆ ಒಬ್ಬರು ಇದನ್ನೇ ಮಾಡಿ, ಟೇಪನ್ನೂ ಕಸಕ್ಕೆ ಹಾಕಿಬಿಟ್ಟಿದ್ದರು. ಧಾರೆಯ ದೃಶ್ಯದಲ್ಲಿ ನಮ್ಮ ತಾಯಿಯ ಮುಖ ಹಣೆಯವರೆಗಷ್ಟೇ ಇದೆ. ಆದ್ದರಿಂದ ಮೂಲ ಕ್ಯಾಸೆಟ್ಟನ್ನು ಕೇಳಿ ಹಿಂದಕ್ಕೆ ಪಡೆಯಿರಿ, ಮತ್ತೆ ಮಾಡಿಸುವುದಾದರೆ ‘4:3, ಕತ್ತರಿಸಬಾರದು, ಎಳೆಯಬಾರದು’ ಎಂದು ರಸೀದಿಯ ಮೇಲೆಯೇ ಬರೆಯಿಸಿಕೊಳ್ಳಿ. ಕೊಡುವ ಮುನ್ನ ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿ ನೋಡಿ: ಮುಂಬಯಿಯ ಮಳೆಗಾಲದ ತೇವಕ್ಕೆ ಸುರುಳಿಯ ಅಂಚಿನಲ್ಲಿ ಬೂಷ್ಟಿನ ಬಿಳಿ ಚುಕ್ಕೆಗಳು ಹುಟ್ಟಿದ್ದರೆ ಅದನ್ನು ಯಾವ ವಿಸಿಆರ್‌ಗೂ ತುರುಕಬೇಡಿ, ಬೂಷ್ಟು ವಿಸಿಆರ್‌ನ ಟೇಪು ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಟೇಪು ಶುಚಿ ಮಾಡಬಲ್ಲವರ ಬಳಿಗೆ ಮೊದಲು ಒಯ್ಯಿರಿ, ಅಳತೆಯ ಮಾತು ಆಮೇಲೆ.