ಡೊಮೊನ್ ಕೆನ್ ಹಿರೋಷಿಮಾ ಬಿಟ್ಟು ಬುದ್ಧನ ಗುಡಿಗಳ ಕಡೆ ಯಾಕೆ ಹೋದರು?

ಹಿರೋಷಿಮಾದಲ್ಲಿ ಅಣುಬಾಂಬಿಗೆ ಸಿಕ್ಕಿದವರನ್ನು ಅಷ್ಟು ನೇರವಾಗಿ ತೋರಿಸಿದ ಜಪಾನಿನ ಫೋಟೋಗ್ರಾಫರ್ ಡೊಮೊನ್ ಕೆನ್ ಆಮೇಲೆ ಗುಡಿಗಳ ಫೋಟೋಗೆ ಇಳಿದದ್ದು ಹಿಂದೆ ಸರಿದ ಹಾಗಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗನಿಸುವುದಿಲ್ಲ.

ಮೊದಲಿಗೆ, ಆ "ಆಮೇಲೆ" ಅನ್ನೋದೇ ಸರಿಯಿಲ್ಲ. ನಾರಾ ಸೀಮೆಯ ಮುರೋಜಿ ಗುಡಿಗೆ ಅವರು ಮೊದಲ ಸಲ ಹೋದದ್ದು 1939ರಲ್ಲಿ, ಯುದ್ಧ ನಡೆಯುವಾಗಲೂ ಹೋಗುತ್ತಲೇ ಇದ್ದರು. 'ಹಿರೋಷಿಮಾ' ಪುಸ್ತಕ ಬಂದದ್ದು 1958ರಲ್ಲಿ. ಗುಡಿಗಳ ಫೋಟೋ ಪುಸ್ತಕ 'ಕೋಜಿ ಜುನ್ರೇ' (ಹಳೇ ಗುಡಿಗಳ ಯಾತ್ರೆ) ಐದು ಸಂಪುಟ ಬಂದದ್ದು 1963ರಿಂದ 1975ರವರೆಗೆ. ನಡುವೆ ಪಾರ್ಶ್ವವಾಯು ಹೊಡೆದು, ಚಿಕ್ಕ ಕ್ಯಾಮರಾ ಹಿಡಿದು ಬೀದಿ ಅಲೆಯುವುದು ಕಷ್ಟವಾಯ್ತು, ಟ್ರೈಪಾಡ್ ಮೇಲಿನ ದೊಡ್ಡ ಕ್ಯಾಮರಾನೇ ಗತಿಯಾಯ್ತು. ಅದೂ ಒಂದು ಕಾರಣ, ಮುಚ್ಚಿಡೋದೇನಿದೆ. 1968ರಲ್ಲಿ ಇನ್ನೊಮ್ಮೆ ಹೊಡೆದ ಮೇಲೆ ಗಾಲಿಕುರ್ಚಿ.

ಆದ್ರೆ ಕಣ್ಣು ಮಾತ್ರ ಅದೇ. ಮುರೋಜಿಯ ಕೂತ ಬುದ್ಧನನ್ನು ನೋಡಿ. ಇಡೀ ಮೂರ್ತಿ ತೋರಿಸಿ ಸುಮ್ಮನಾಗುವ ಆಸಾಮಿ ಅಲ್ಲ ಇವರು, ಹತ್ತಿರ ಹೋಗ್ತಾರೆ, ಮುಖದ ಒಂದು ಮಗ್ಗುಲು, ಕೈ, ಬಟ್ಟೆಯ ನೆರಿಗೆ. ಒಂದು ನೆರಿಗೆ ದಪ್ಪಗೆ ದುಂಡಗೆ, ಪಕ್ಕದ್ದು ಸಣ್ಣ, ಚೂಪು, ಮತ್ತೆ ದಪ್ಪ. ಭಕ್ತಿಗಿಂತ ಮರಗೆಲಸವೇ ಜಾಸ್ತಿ ಕಾಣುತ್ತೆ. ಹಿರೋಷಿಮಾದ ಆಸ್ಪತ್ರೆಯಲ್ಲಿ ಸುಟ್ಟ ಚರ್ಮದ ಆಪರೇಷನ್ ತೋರಿಸಿದ್ದೂ ಹೀಗೇ, ಕಣ್ಣು ಮಿಟುಕಿಸದೆ.

ಬೇಕಾದರೆ ನಾರಾದ ಗುಡಿಗಳನ್ನೇ ತೆಗೆದ ಇನ್ನೊಬ್ಬ ಫೋಟೋಗ್ರಾಫರ್ ಇರಿಯೆ ತೈಕಿಚಿಯವರ ಫೋಟೋ ಪಕ್ಕಕ್ಕಿಟ್ಟು ನೋಡಿ. 1945ರ ದಾಳಿಯಲ್ಲಿ ಒಸಾಕಾದ ಮನೆ ಸುಟ್ಟುಹೋಗಿ ಅವರು ಹುಟ್ಟೂರು ನಾರಾಗೆ ವಾಪಸ್ ಬಂದರು. ಯುದ್ಧದ ದಂಡವಾಗಿ ಅಮೆರಿಕದವರು ಮೂರ್ತಿಗಳನ್ನೇ ಹೊತ್ತೊಯ್ಯುತ್ತಾರೆ ಅನ್ನೋ ಗಾಳಿಸುದ್ದಿ ಕಿವಿಗೆ ಬಿತ್ತು, ಹಾಗಾದರೆ ಫೋಟೋದಲ್ಲಾದರೂ ಉಳಿಯಲಿ ಅಂತ ಶುರು ಮಾಡಿದರು. ಅವರದು ಮಂಜು, ಮಳೆ, ಸಂಜೆಗೆಂಪು. ಚೆಂದವೇ, ಇಲ್ಲ ಅನ್ನಲ್ಲ. ಆದ್ರೆ ನಾನು ಮತ್ತೆ ಮತ್ತೆ ಪುಟ ತಿರುವೋದು ಡೊಮೊನ್ ಅವರದ್ದನ್ನೇ.

ಡೊಮೊನ್ ಅವರಿಗೊಂದು ಆಸೆ ಬಾಕಿ ಇತ್ತು: ಹಿಮ ಬಿದ್ದ ಮುರೋಜಿ. ಹಿಮದಲ್ಲೇ ಈ ಗುಡಿ ಎಲ್ಲಕ್ಕಿಂತ ಚೆಂದ ಅಂತ ಅಲ್ಲಿನ ಹಿರಿಯ ಸನ್ಯಾಸಿ ಹೇಳಿದ್ದರಂತೆ. ವರ್ಷಗಟ್ಟಲೆ ಕಾದರೂ ಹಿಮ ಕೈಗೆ ಸಿಗಲಿಲ್ಲ. ಕೊನೆಗೆ 1978ರ ಮಾರ್ಚ್‌ನಲ್ಲಿ, ಚಳಿಗಾಲ ಮುಗಿಯುತ್ತಿರುವಾಗ, ಒಂದು ಬೆಳಿಗ್ಗೆ ಬಿತ್ತು. ಕಲ್ಲಿನ ಮೆಟ್ಟಿಲ ಬುಡದಿಂದ ಮೇಲಿನ ಗುಡಿಯನ್ನು ತಲೆಯೆತ್ತಿ ನೋಡಿದ ಹಾಗೆ ತೆಗೆದ ಫೋಟೋ ಆ ಸಲದ್ದು. ಮರುವರ್ಷ ಪ್ರಜ್ಞೆ ತಪ್ಪಿದವರು 1990ರಲ್ಲಿ ತೀರಿಹೋಗುವವರೆಗೂ ಏಳಲಿಲ್ಲ.