ಸರ್ವಿಸ್ ಮಾಡಿಸಿದ ಮರುದಿನವೇ ಸಣ್ಣ ಕಾರಿನ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು. ಏಕೆ?

ಕಾರು ಓಡಿಸಿಕೊಂಡು ಗ್ಯಾರೇಜಿಗೆ ಹೋಗಲೇಬೇಡಿ, ಟೋ ಮಾಡಿಸಿ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೆಳಗೆರೆಗಿಂತ ಇಳಿದಿದ್ದರೆ ಎಲ್ಲೋ ಸೋರುತ್ತಿದೆ: ಬ್ಲೀಡರ್ ನಿಪ್ಪಲ್ (ಪೈಪಿನ ಗಾಳಿ ಹೊರಬಿಡಲು ಚಕ್ರದ ಬಳಿ ಇರುವ ಸಣ್ಣ ತಿರುಪು) ಸಡಿಲ ಉಳಿದಿರಬಹುದು, ಚಕ್ರದ ಒಳಮೈ ಒದ್ದೆಯಾಗಿದೆಯೇ ನೋಡಿ. ಮಟ್ಟ ಸರಿಯಿದ್ದು, ನಾಲ್ಕೈದು ಸಲ ತುಳಿದಾಗ ಪೆಡಲ್ ಗಟ್ಟಿಯಾದರೆ ಬಹುಪಾಲು ಪೈಪಿನಲ್ಲಿ ಗಾಳಿ. ಮತ್ತೆ ಬ್ಲೀಡ್ ಮಾಡಿಸಿ, ಅಂದರೆ ಆ ಗಾಳಿ ತೆಗೆಸಿ. ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ರಬ್ಬರ್ ಕಪ್ ಮೇಲೆ ಅನುಮಾನ. ಇದನ್ನೇ ಹೆಚ್ಚಿನವರು ಮರೆಯುವುದು: ಹಳೆ ಕಾರಿನಲ್ಲಿ ಬ್ಲೀಡ್ ಮಾಡುವಾಗ ಪೆಡಲನ್ನು ನೆಲದವರೆಗೆ ತುಳಿದರೆ, ಕಪ್ ಸಿಲಿಂಡರಿನೊಳಗೆ ದಿನವೂ ಹೋಗದ ತುಕ್ಕಿನ ಭಾಗಕ್ಕೆ ಉಜ್ಜಿ ಹರಿದುಹೋಗಬಹುದು.

ಓಡುವಾಗಲೇ ಹೀಗಾದರೆ ಪೆಡಲ್ ಪಟಪಟ ತುಳಿಯಿರಿ, ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿಕೊಂಡೇ ಸ್ವಲ್ಪಸ್ವಲ್ಪ ಎಳೆಯಿರಿ. ಕೀ ಮಾತ್ರ ತಿರುಗಿಸಬೇಡಿ, ಸ್ಟೀರಿಂಗ್ ಲಾಕ್ ಆದೀತು.